ಮಾತನ್ನು ಬರಹವಾಗಿಸುವ ತಂತ್ರಾಂಶಕ್ಕೆ ಎಂಥ ಮೈಕ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತನಾಡಿದ್ದನ್ನು ಅಕ್ಷರಕ್ಕಿಳಿಸುವ ತಂತ್ರಾಂಶಗಳು ಇಂದು ಕನ್ನಡವನ್ನೂ ಬರೆಯಬಲ್ಲವು. ಆದರೆ ಒಬ್ಬರ ಬಳಿ ಪುಟವಿಡೀ ಸಲೀಸಾಗಿ ಬರೆಯುವ ತಂತ್ರಾಂಶವೇ ಇನ್ನೊಬ್ಬರ ಬಳಿ ಸಾಲಿಗೆ ಎರಡು ಮೂರು ತಪ್ಪು ಮಾಡುತ್ತದೆ. ಅವರು ತಮ್ಮ ಉಚ್ಚಾರಣೆಯೇ ಸರಿಯಿಲ್ಲವೆಂದು ಬಗೆದು ಅದನ್ನು ಕೈಬಿಡುತ್ತಾರೆ. ನನ್ನ ಬರವಣಿಗೆಯ ಹೆಚ್ಚಿನ ಪಾಲನ್ನು ಹಲವು ವರ್ಷಗಳಿಂದ ಹೇಳಿಯೇ ಬರೆಸುತ್ತಿರುವ ನಾನು, ಇಂಥವರಿಗೆ ನೆರವಾಗಲು ಕುಳಿತಾಗಲೆಲ್ಲ ಮೊದಲು ನೋಡುವುದು ಅವರ ಮೈಕ್ ಎಲ್ಲಿದೆ ಎಂಬುದನ್ನು. ಹೆಚ್ಚಿನ ಸಲ ತೊಂದರೆ ಅಲ್ಲಿಯೇ ಇರುತ್ತದೆ. ಅವರು ಕೇಳಿದ ಪ್ರಶ್ನೆಗಳನ್ನು ಉತ್ತರಗಳೊಡನೆ ಇಲ್ಲಿ ಬರೆದಿದ್ದೇನೆ.

ತಂತ್ರಾಂಶ ಒಳ್ಳೆಯದಿದ್ದರೆ ಸಾಲದೆ? ಮೈಕ್ ಏಕೆ ಅಷ್ಟು ಮುಖ್ಯ?

ಗದ್ದಲದ ನಡುವೆಯೂ ಎದುರಿಗಿರುವವರ ಮಾತನ್ನು ನಾವು ಹಿಡಿಯುತ್ತೇವೆ, ಏಕೆಂದರೆ ನಮಗೆ ಎರಡು ಕಿವಿಗಳಿವೆ, ಮಾತನಾಡುವವರ ತುಟಿಗಳು ಕಾಣುತ್ತವೆ, ಮಾತಿನ ಸಂದರ್ಭವೂ ಗೊತ್ತಿರುತ್ತದೆ. ತಂತ್ರಾಂಶಕ್ಕೆ ಸಿಗುವುದು ಮಾತ್ರ ಒಂದೇ ಒಂದು ಧ್ವನಿಯ ಎಳೆ. ಆ ಎಳೆಯಲ್ಲಿ ನಿಮ್ಮ ಮಾತು, ಫ್ಯಾನಿನ ಸದ್ದು, ಗೋಡೆಗೆ ಬಡಿದು ಮರಳಿದ ನಿಮ್ಮದೇ ದನಿ ಎಲ್ಲವೂ ಕಲೆತಿರುತ್ತವೆ. ಒಮ್ಮೆ ಕಲೆತ ಮೇಲೆ ಅವನ್ನು ಪೂರ್ತಿಯಾಗಿ ಬೇರ್ಪಡಿಸಲು ಬಾರದು.

ಕನ್ನಡದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘ಕತೆ’ ಮತ್ತು ‘ಕತ್ತೆ’ ಎಂಬ ಎರಡು ಪದಗಳನ್ನು ನಿಧಾನವಾಗಿ ಹೇಳಿಕೊಳ್ಳಿ. ‘ತ’ ಹೇಳುವಾಗ ನಾಲಗೆ ಹಲ್ಲಿಗೆ ತಾಗಿ ಉಸಿರನ್ನು ತಡೆಯುತ್ತದೆ, ಆ ಗಳಿಗೆಯಲ್ಲಿ ಬಾಯಿಂದ ಯಾವ ಧ್ವನಿಯೂ ಹೊರಡುವುದಿಲ್ಲ. ‘ಕತ್ತೆ’ಯಲ್ಲಿ ಆ ಮೌನ ಹೆಚ್ಚು ಹೊತ್ತು ಇರುತ್ತದೆ. ಎರಡು ಪದಗಳನ್ನು ಬೇರೆ ಮಾಡುವ ಮುಖ್ಯ ಗುರುತು ಸೆಕೆಂಡಿನ ಸಣ್ಣದೊಂದು ಪಾಲಿನಷ್ಟಿರುವ ಈ ಮೌನವೇ. ಮೈಕ್ ದೂರದಲ್ಲಿದ್ದರೆ ಆ ಮೌನದೊಳಗೆ ಕೋಣೆಯ ಸದ್ದು ತುಂಬಿಕೊಳ್ಳುತ್ತದೆ, ಹಿಂದಿನ ‘ಕ’ಕಾರದ ಮಾರ್ದನಿಯೂ ಅಲ್ಲಿಗೆ ಹರಿದು ಬರುತ್ತದೆ. ಆಗ ಒತ್ತಕ್ಷರ ಇತ್ತೋ ಇಲ್ಲವೋ ಎಂಬುದನ್ನು ತಂತ್ರಾಂಶವು ಊಹಿಸಬೇಕಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳೂ ಹ್ರಸ್ವ ದೀರ್ಘಗಳೂ ಎಷ್ಟು ದಟ್ಟವಾಗಿವೆ ಎಂಬುದನ್ನು ನೆನೆದರೆ, ಇಂಥ ಊಹೆಗಳು ಒಂದು ಪುಟದಲ್ಲಿ ಎಷ್ಟಾಗಬಹುದೆಂದು ತಿಳಿಯುತ್ತದೆ.

ಹಾಗಾದರೆ ದುಬಾರಿ ಮೈಕ್ ಕೊಳ್ಳಬೇಕೆ?

ಬೇಕಿಲ್ಲ. ಹಾಡು ಮುದ್ರಿಸುವವರಿಗೆ ಬೇಕಾದ ಗುಣಗಳು ಬೇರೆ, ಮಾತು ಬರೆಸುವವರಿಗೆ ಬೇಕಾದ ಗುಣಗಳು ಬೇರೆ. ಇಂದಿನ ಹೆಚ್ಚಿನ ಮಾತು ಗುರುತಿಸುವ ವ್ಯವಸ್ಥೆಗಳು ಧ್ವನಿಯನ್ನು ಸೆಕೆಂಡಿಗೆ 16,000 ಮಾದರಿಗಳ (ಸ್ಯಾಂಪಲ್, ಅಂದರೆ ಆಯಾ ಗಳಿಗೆಯ ಧ್ವನಿಯ ಅಳತೆ) ದರಕ್ಕೆ ಇಳಿಸಿಕೊಂಡೇ ಕೆಲಸ ಆರಂಭಿಸುತ್ತವೆ. 2022ರಲ್ಲಿ ಓಪನ್‌ಎಐ ಹೊರತಂದ ವಿಸ್ಪರ್ ಎಂಬ ವ್ಯವಸ್ಥೆಯೂ ಹೀಗೆಯೇ ಮಾಡುತ್ತದೆ: ಬಂದ ಧ್ವನಿ ಯಾವ ದರದ್ದೇ ಇರಲಿ, ಅದನ್ನು 16,000ಕ್ಕೆ ಇಳಿಸಿ, 25 ಮಿಲಿಸೆಕೆಂಡಿನ ತುಣುಕುಗಳನ್ನಾಗಿ ನೋಡುತ್ತದೆ. ಮಾದರಿಗಳ ದರದ ಅರ್ಧಕ್ಕಿಂತ ಮೇಲಿನ ಕಂಪನಗಳು ಹೀಗೆ ಇಳಿಸುವಾಗ ಉಳಿಯುವುದಿಲ್ಲವಾದ್ದರಿಂದ, 8,000 ಹರ್ಟ್ಸ್‌ಗಿಂತ ಮೇಲಿನದ್ದೇನೂ ತಂತ್ರಾಂಶದ ಗಮನಕ್ಕೆ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ‘20 ಕಿಲೋಹರ್ಟ್ಸ್‌ವರೆಗೆ’, ‘96 ಕಿಲೋಹರ್ಟ್ಸ್ ಮುದ್ರಣ’ ಎಂದೆಲ್ಲ ಬರೆದಿದ್ದರೆ ಅದು ಸುಳ್ಳಲ್ಲ, ಆದರೆ ಈ ಕೆಲಸಕ್ಕೆ ಅದರಿಂದ ಸಿಗುವ ಲಾಭ ಏನೂ ಇಲ್ಲ.

ಬೇಕಾದದ್ದು ಸುಮಾರು 100ರಿಂದ 8,000 ಹರ್ಟ್ಸ್‌ವರೆಗಿನ ಭಾಗವನ್ನು ಸಮನಾಗಿ, ತನ್ನದೇ ಸದ್ದನ್ನು ಹೆಚ್ಚು ಸೇರಿಸದೆ ದಾಟಿಸುವ ಮೈಕ್. ಸಾಧಾರಣ ದರ್ಜೆಯ ಹೆಡ್‌ಸೆಟ್‌ಗಳೂ ಇಷ್ಟನ್ನು ಮಾಡುತ್ತವೆ. ಬಾಯಿಯಿಂದ ಮೂರು ಸೆಂಟಿಮೀಟರ್ ದೂರದಲ್ಲಿರುವ ಸಾಧಾರಣ ಮೈಕ್, ಅರ್ಧ ಮೀಟರ್ ದೂರದಲ್ಲಿರುವ ಸ್ಟುಡಿಯೋ ಮೈಕ್‌ಗಿಂತ ಈ ಕೆಲಸದಲ್ಲಿ ಬಹುಪಾಲು ಎಲ್ಲ ಕೋಣೆಗಳಲ್ಲೂ ಮೇಲು ಎಂಬುದು ನನ್ನ ಅನುಭವ, ಅದರ ಲೆಕ್ಕ ಮುಂದಿನ ಉತ್ತರದಲ್ಲಿದೆ.

ಬಾಯಿಗೂ ಮೈಕ್‌ಗೂ ಎಷ್ಟು ದೂರವಿರಬೇಕು?

ಎರಡು ಬೆರಳುಗಳ ಅಗಲದಷ್ಟು, ಅಂದರೆ ಮೂರು ಸೆಂಟಿಮೀಟರಿನ ಆಸುಪಾಸು, ಬಾಯಿಯ ನೇರಕ್ಕಲ್ಲದೆ ತುಟಿಯ ಮೂಲೆಯ ಪಕ್ಕಕ್ಕೆ. ಇದು ಹೆಡ್‌ಸೆಟ್‌ಗೆ. ಮೇಜಿನ ಮೇಲಿನ ಮೈಕ್ ಆದರೆ ಒಂದು ಗೇಣಿಗಿಂತ ಹೆಚ್ಚಿರಬಾರದು.

ಏಕೆಂದರೆ, ತೆರೆದ ಜಾಗದಲ್ಲಿ ಧ್ವನಿಯ ಮೂಲದಿಂದ ದೂರ ಎರಡರಷ್ಟಾದಾಗಲೆಲ್ಲ ಅದರ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೈಕನ್ನು 48 ಸೆಂಟಿಮೀಟರ್ ದೂರದಿಂದ 24ಕ್ಕೆ, ಅಲ್ಲಿಂದ 12ಕ್ಕೆ, 6ಕ್ಕೆ, ಕೊನೆಗೆ 3ಕ್ಕೆ ತನ್ನಿ. ನಾಲ್ಕು ಸಲ ಅರ್ಧವಾಯಿತು, ಹಾಗಾಗಿ ನಿಮ್ಮ ಮಾತಿನ ಮಟ್ಟ ಸುಮಾರು 24 ಡೆಸಿಬೆಲ್ ಏರಿತು. ಅಷ್ಟರಲ್ಲಿ ಕೋಣೆಯ ಸದ್ದು ಏರಿತೇ? ಇಲ್ಲ. ಫ್ಯಾನ್ ಇದ್ದಲ್ಲೇ ಇದೆ, ಕಿಟಕಿಯೂ ಇದ್ದಲ್ಲೇ ಇದೆ. ಮಾತಿಗೂ ಗದ್ದಲಕ್ಕೂ ನಡುವಿನ ಅಂತರ ಒಂದು ಬಿಡಿಕಾಸಿನ ಖರ್ಚಿಲ್ಲದೆ 24 ಡೆಸಿಬೆಲ್ ಹಿಗ್ಗಿತು. ಗದ್ದಲ ತಗ್ಗಿಸುವ ಯಾವ ತಂತ್ರವೂ ಮಾತನ್ನು ಕೆಡಿಸದೆ ಇಷ್ಟು ಲಾಭವನ್ನು ತಂದುಕೊಡುವುದನ್ನು ನಾನು ಕಂಡಿಲ್ಲ.

ಗೇನ್, ಅಂದರೆ ಮೈಕಿನಿಂದ ಬಂದ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಏರಿಸಿದರೆ ಇದೇ ಫಲ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗೇನ್ ಏರಿಸಿದಾಗ ಮಾತೂ ಗದ್ದಲವೂ ಒಂದೇ ಅಳತೆಯಲ್ಲಿ ಏರುತ್ತವೆ, ಅವುಗಳ ನಡುವಿನ ಅಂತರ ಇದ್ದಷ್ಟೇ ಇರುತ್ತದೆ. ಈ ಒಂದು ವಿಷಯ ಮನಸ್ಸಿಗೆ ನಾಟಿದರೆ ಮೈಕ್ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ದೂರದಷ್ಟೇ ಮುಖ್ಯವಾದದ್ದು ಆ ದೂರ ಬದಲಾಗದಿರುವುದು. ಮೇಜಿನ ಮೈಕ್ ಮುಂದೆ ಕುಳಿತವರು ಕಾಗದ ನೋಡಲು ಬಗ್ಗುತ್ತಾರೆ, ಯೋಚಿಸುತ್ತ ಕುರ್ಚಿಗೆ ಒರಗುತ್ತಾರೆ, ಪಕ್ಕಕ್ಕೆ ತಿರುಗುತ್ತಾರೆ. 15 ಸೆಂಟಿಮೀಟರಿನಲ್ಲಿದ್ದ ಬಾಯಿ 30ಕ್ಕೆ ಹೋಗುವಷ್ಟರಲ್ಲಿ 6 ಡೆಸಿಬೆಲ್ ಕಳೆದುಹೋಗಿರುತ್ತದೆ. ಹೆಡ್‌ಸೆಟ್ ತಲೆಯೊಡನೆಯೇ ತಿರುಗುತ್ತದೆ, ಆದ್ದರಿಂದ ಅದರಲ್ಲಿ ಈ ಏರಿಳಿತ ಇಲ್ಲ. 1990ರ ದಶಕದಲ್ಲಿ ಹೇಳಿ ಬರೆಸುವ ತಂತ್ರಾಂಶಗಳನ್ನು ಪೆಟ್ಟಿಗೆಯಲ್ಲಿ ಮಾರುತ್ತಿದ್ದ ಕಾಲಕ್ಕೆ ಅದರೊಳಗೆ ಒಂದು ಹೆಡ್‌ಸೆಟ್ಟನ್ನೂ ಇಡುತ್ತಿದ್ದುದು ಇದಕ್ಕಾಗಿಯೇ.

ಹೆಡ್‌ಸೆಟ್, ಮೇಜಿನ ಮೈಕ್, ಕಾಲರ್ ಮೈಕ್, ಲ್ಯಾಪ್‌ಟಾಪಿನದೇ ಮೈಕ್: ಯಾವುದನ್ನು ಆರಿಸಬೇಕು?

ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬರೆಸುವವರು ಬಾಯಿಯವರೆಗೆ ಚಾಚುವ ಕಡ್ಡಿಯಿರುವ ಹೆಡ್‌ಸೆಟ್ಟನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ತಲೆಗೆ ಬಿಗಿಯಾಗುತ್ತದೆ ಎಂಬ ದೂರು ನ್ಯಾಯವಾದದ್ದೇ, ಅಂಥವರಿಗೆ ಒಂದೇ ಕಿವಿಯ, ಹಗುರವಾದ ಹೆಡ್‌ಸೆಟ್ ಸಿಗುತ್ತದೆ. ಕೊಳ್ಳುವ ಮೊದಲು ಕಡ್ಡಿಯನ್ನು ಬಗ್ಗಿಸಿ ನೋಡಿ: ಬಗ್ಗಿಸಿದಲ್ಲಿ ನಿಲ್ಲದೆ ನಿಧಾನವಾಗಿ ಕೆನ್ನೆಯಿಂದ ದೂರ ಸರಿಯುವ ಕಡ್ಡಿಯಿದ್ದರೆ ಅದು ಬೇರೆ ಯಾವ ಗುಣದಿಂದಲೂ ತುಂಬಲಾಗದ ಕೊರತೆ.

ಕಾಲರ್ ಮೈಕ್ ಅಂಗಿಗೆ ಸಿಕ್ಕಿಸುವಂಥದ್ದು. ಅದು ಬಾಯಿಯಿಂದ ಒಂದು ಗೇಣು ಕೆಳಗಿರುತ್ತದೆ, ನಡೆದಾಡುತ್ತ ಮಾತನಾಡುವವರಿಗೆ ಅನುಕೂಲ, ಆದರೆ ಬಟ್ಟೆ ಉಜ್ಜಿದ ಸದ್ದೂ ತಲೆ ತಿರುಗಿಸಿದಾಗ ಮಾತು ಮಂಕಾಗುವುದೂ ಅದರ ಜೊತೆಗೆ ಬರುತ್ತವೆ. ಮೇಜಿನ ಮೈಕ್ ಇಟ್ಟುಕೊಳ್ಳುವವರು ಕೀಲಿಮಣೆಯಿರುವ ಮೇಜಿನ ಮೇಲೆಯೇ ಅದರ ಕಾಲನ್ನು ಊರಬಾರದು. ಕೀಲಿ ಒತ್ತಿದ ಪ್ರತಿ ಏಟೂ ಮರದ ಮೂಲಕ ನೇರವಾಗಿ ಮೈಕ್‌ಗೆ ಸೇರುತ್ತದೆ.

ಲ್ಯಾಪ್‌ಟಾಪಿನ ಮೈಕ್ ನಿಮ್ಮಿಂದ ಅರ್ಧ ಮೀಟರ್ ದೂರದಲ್ಲಿದೆ, ಹಲವು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಫ್ಯಾನಿಗೆ ಹತ್ತಿರದಲ್ಲಿದೆ. ಚಿಕ್ಕ ಸಂದೇಶಕ್ಕೆ ಸಾಕು. ಪುಟಗಟ್ಟಲೆ ಬರೆಸುವುದಕ್ಕೆ ಸಾಲದು.

ಮೊಬೈಲಿನ ಮೈಕ್?

ಕೈಯಲ್ಲಿ ಹಿಡಿದು, ಬಾಯಿಗೆ ಹತ್ತಿರ ತಂದು ಮಾತನಾಡಿದರೆ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಜಿನ ಮೇಲೆ ಬೋರಲು ಹಾಕಿ ದೂರದಿಂದ ಮಾತನಾಡಿದರೆ ಮಾಡುವುದಿಲ್ಲ. ಮೈಕಿನ ಸಣ್ಣ ತೂತು ಸಾಮಾನ್ಯವಾಗಿ ಕೆಳ ಅಂಚಿನಲ್ಲಿರುತ್ತದೆ. ಕವಚವು ಅದನ್ನು ಮುಚ್ಚಿದೆಯೇ, ಧೂಳು ತುಂಬಿದೆಯೇ ಎಂದು ಒಮ್ಮೆ ನೋಡಿ, ಆದರೆ ಸೂಜಿಯಿಂದ ಕೆದಕಬೇಡಿ.

ಕಾರ್ಡಿಯಾಯ್ಡ್, ಆಮ್ನಿ ಎಂದರೇನು? ಯಾವುದು ಒಳ್ಳೆಯದು?

ಇವು ಮೈಕ್ ಯಾವ ದಿಕ್ಕಿನಿಂದ ಎಷ್ಟು ಕೇಳಿಸಿಕೊಳ್ಳುತ್ತದೆ ಎಂಬುದನ್ನು ಸೂಚಿಸುವ ಹೆಸರುಗಳು. ಆಮ್ನಿ ಮೈಕ್ ಎಲ್ಲ ದಿಕ್ಕಿಗೂ ಒಂದೇ ಸಮನೆ ಕಿವಿಗೊಡುತ್ತದೆ. ಕಾರ್ಡಿಯಾಯ್ಡ್ ಮೈಕಿನ ಗ್ರಹಣದ ನಕ್ಷೆ ಹೃದಯದ ಆಕಾರದಲ್ಲಿದ್ದು, ಮುಂದಿನ ಧ್ವನಿಯನ್ನು ಪೂರ್ತಿಯಾಗಿ, ಪಕ್ಕದಿಂದ ಬರುವುದನ್ನು ಸುಮಾರು 6 ಡೆಸಿಬೆಲ್ ಕಡಿಮೆಯಾಗಿ ತೆಗೆದುಕೊಂಡು, ನೇರ ಹಿಂದಿನಿಂದ ಬರುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಮೇಜಿನ ಮೈಕ್ ಆದರೆ ಕಾರ್ಡಿಯಾಯ್ಡ್ ಇರಲಿ, ಗದ್ದಲದ ಮೂಲ ಅದರ ಬೆನ್ನಿಗೆ ಬರುವಂತೆ ಅದನ್ನು ಇಡಿ. ಸದ್ದು ಮಾಡುವ ಯಂತ್ರವನ್ನು ನಿಮ್ಮ ಬೆನ್ನ ಹಿಂದೆ ಇಟ್ಟುಕೊಂಡರೆ ಅದು ಮೈಕಿನ ಮುಂಭಾಗಕ್ಕೇ ಬರುತ್ತದೆಂಬುದನ್ನು ಮರೆಯಬೇಡಿ. ಬಾಯಿಗೆ ತೀರ ಹತ್ತಿರವಿರುವ ಹೆಡ್‌ಸೆಟ್‌ನಲ್ಲಿ ಆಮ್ನಿ ಇದ್ದರೂ ನಡೆಯುತ್ತದೆ, ಉಸಿರಿನ ಹೊಡೆತವನ್ನು ಅದು ಇನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ.

ದಿಕ್ಕು ನೋಡುವ ಮೈಕ್‌ಗಳಿಗೆ ಇನ್ನೊಂದು ಸ್ವಭಾವವಿದೆ: ತೀರ ಹತ್ತಿರ ಮಾತನಾಡಿದರೆ ದನಿಯ ಕೆಳಸ್ಥಾಯಿ ಉಬ್ಬಿ ಕೇಳಿಸುತ್ತದೆ. ಆಕಾಶವಾಣಿ ನಿರೂಪಕರ ದನಿ ತುಂಬಿ ಬರುವುದಕ್ಕೆ ಇದೂ ಒಂದು ಕಾರಣ. ಹತ್ತಿರದ ಬಳಕೆಗೆಂದೇ ಮಾಡಿದ ಹೆಡ್‌ಸೆಟ್‌ಗಳಲ್ಲಿ ಇದನ್ನು ತಯಾರಿಕೆಯಲ್ಲೇ ಸರಿದೂಗಿಸಿರುತ್ತಾರೆ.

‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಬರೆದಿದ್ದರೆ ಸಾಕಲ್ಲವೇ?

ಈ ಎರಡು ಪದಗಳು ಕೊಳ್ಳುವವರನ್ನು ದಾರಿ ತಪ್ಪಿಸಿದಷ್ಟು ಬೇರಾವುವೂ ತಪ್ಪಿಸಿಲ್ಲ. ಹೆಡ್‌ಫೋನಿನ ಮೇಲೆ ಆಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್ ಎಂದು ಬರೆದಿದ್ದರೆ, ಅದು ಹೊರಗಿನ ಸದ್ದು ನಿಮ್ಮ ಕಿವಿಗೆ ಬೀಳದಂತೆ ಮಾಡುವ ವ್ಯವಸ್ಥೆ. ನಿಮ್ಮ ಮಾತು ತಂತ್ರಾಂಶಕ್ಕೆ ಹೇಗೆ ತಲುಪುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಬೇಕಾದದ್ದು ಮೈಕಿನ ಕಡೆಯ ಗದ್ದಲ ನಿವಾರಣೆ.

ಅದರಲ್ಲಿಯೂ ಎರಡು ಬಗೆ. ಹಳೆಯ, ನಂಬಿಕೆಗೆ ಅರ್ಹವಾದ ಬಗೆಯಲ್ಲಿ ಮೈಕಿನ ಪೊರೆಯ ಎರಡೂ ಬದಿಗೆ ತೂತುಗಳಿರುತ್ತವೆ. ದೂರದ ಸದ್ದು ಎರಡೂ ಬದಿಯಿಂದ ಹೆಚ್ಚುಕಡಿಮೆ ಸಮನಾಗಿ ಒತ್ತಿ ತನ್ನನ್ನು ತಾನೇ ರದ್ದುಪಡಿಸಿಕೊಳ್ಳುತ್ತದೆ, ಹತ್ತಿರದ ಬಾಯಿಯ ಮಾತು ಒಂದೇ ಬದಿಯನ್ನು ಜೋರಾಗಿ ಒತ್ತುವುದರಿಂದ ಉಳಿದುಕೊಳ್ಳುತ್ತದೆ. ಇಂಥ ಮೈಕಿನಲ್ಲಿ ಬಾಯಿಯ ಕಡೆಗೆ ಇರಬೇಕಾದ ಬದಿಗೆ ಒಂದು ಚುಕ್ಕೆ ಅಥವಾ ಗುರುತು ಇರುತ್ತದೆ. ನನ್ನ ಮೊದಲ ಹೆಡ್‌ಸೆಟ್ಟನ್ನು ನಾನು ಎರಡು ತಿಂಗಳು ತಿರುಗುಮುರುಗಾಗಿ ಧರಿಸಿದ್ದೆ. ಸ್ಪಂಜಿನ ಟೋಪಿಯಡಿ ಬಿಳಿಯ ಚುಕ್ಕೆಯೊಂದು ಕೆನ್ನೆಯಿಂದಾಚೆಗೆ ಮುಖ ಮಾಡಿದ್ದುದನ್ನು ಕಂಡ ದಿನ, ಕಡ್ಡಿಯ ತುದಿಯನ್ನು ಅರ್ಧ ಸುತ್ತು ತಿರುಗಿಸಿದ್ದಷ್ಟೇ, ಅದೇ ತಂತ್ರಾಂಶ ಅದೇ ಪುಟವನ್ನು ಕಣ್ಣಿಗೆ ಕಾಣುವಷ್ಟು ಚೊಕ್ಕವಾಗಿ ಬರೆಯಿತು.

ಎರಡನೆಯ ಬಗೆಯಲ್ಲಿ ಒಂದಕ್ಕಿಂತ ಹೆಚ್ಚು ಮೈಕ್‌ಗಳಿಂದ ಬಂದ ಧ್ವನಿಯನ್ನು ಚಿಪ್ ಒಂದು ಲೆಕ್ಕ ಹಾಕಿ ಗದ್ದಲವನ್ನು ಕಳೆಯುತ್ತದೆ. ಇದು ಮನುಷ್ಯರ ಕಿವಿಗೆ ಹಿತವಾಗುವಂತೆ ರೂಪಿಸಿದ್ದು. ಕೆಲವೊಮ್ಮೆ ಗದ್ದಲದ ಜೊತೆಗೆ ‘ಸ’, ‘ಫ’, ಪದದ ಕೊನೆಯ ಮೆಲುವಾದ ಸ್ವರ ಇವನ್ನೂ ಕಿತ್ತುಹಾಕುತ್ತದೆ.

ಬ್ಲೂಟೂತ್ ಇಯರ್‌ಫೋನ್ ಸಾಕೇ? ಹಾಡು ಅದರಲ್ಲಿ ಚೆನ್ನಾಗಿಯೇ ಕೇಳಿಸುತ್ತದಲ್ಲ?

ಹಾಡು ಕೇಳಿಸುವ ದಾರಿಯೇ ಬೇರೆ, ಮಾತು ಹೋಗುವ ದಾರಿಯೇ ಬೇರೆ. ಹಳೆಯ ಬ್ಲೂಟೂತ್ ಪದ್ಧತಿಯಲ್ಲಿ ಸಂಗೀತ ಬರುವುದು ಒಮ್ಮುಖದ ಹಾದಿಯಲ್ಲಿ. ಮೈಕ್ ಬೇಕಾದ ಕೂಡಲೇ ಸಾಧನವು ಫೋನ್ ಕರೆಗಳಿಗೆಂದು ಇರುವ ಇಮ್ಮುಖದ ಹಾದಿಗೆ ಬದಲಾಯಿಸಿಕೊಳ್ಳುತ್ತದೆ. ಹಾಡು ಕೇಳುತ್ತಿದ್ದಾಗ ಮೈಕ್ ಆನ್ ಮಾಡಿದರೆ ಹಾಡು ಥಟ್ಟನೆ ಡಬ್ಬದೊಳಗಿಂದ ಬಂದಂತೆ ಆಗುವುದನ್ನು ನೀವೂ ಗಮನಿಸಿರಬಹುದು. ಆ ಕರೆಯ ಹಾದಿಯ ಮೂಲ ರೂಪದಲ್ಲಿ ಧ್ವನಿಗೆ ಸೆಕೆಂಡಿಗೆ 8,000 ಮಾದರಿಗಳು ಮಾತ್ರ, ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ. ‘ಸ’ಕಾರದ ಬಲದ ದೊಡ್ಡ ಪಾಲು ಇರುವುದೇ ಅದಕ್ಕೂ ಮೇಲೆ. ಫೋನಿನಲ್ಲಿ ಹೆಸರು ಹೇಳುವಾಗ ‘ಸ’ ಎಂದದ್ದು ‘ಫ’ ಎಂದು ಕೇಳಿ ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಗುತ್ತಿದ್ದುದರ ಮೂಲವೂ ಇಂಥದೇ ಇಕ್ಕಟ್ಟು.

ಎಂಎಸ್‌ಬಿಸಿ ಎಂಬ ಸಂಕೇತಕ್ರಮವನ್ನು ಬಳಸುವ ಸಾಧನಗಳು ಇದನ್ನು 16,000 ಮಾದರಿಗಳಿಗೆ ಏರಿಸುತ್ತವೆ, ಎಲ್‌ಸಿ3 ಎಂಬ ಹೊಸ ಕ್ರಮ ಇನ್ನೂ ಮೇಲಿನದು. ಆದರೆ ಇಯರ್‌ಫೋನ್ ಮತ್ತು ಕಂಪ್ಯೂಟರ್ ಎರಡೂ ಅದನ್ನು ಒಪ್ಪಬೇಕು. ಒಪ್ಪದಿದ್ದರೆ ಯಾವ ಸೂಚನೆಯನ್ನೂ ಕೊಡದೆ ಹಳೆಯ ಹಾದಿಗೆ ಇಳಿದುಬಿಡುತ್ತವೆ. ಅದರ ಮೇಲೆ, ಇಯರ್‌ಫೋನಿನ ಮೈಕ್ ಇರುವುದು ಕಿವಿಯ ಬಳಿ, ಬಾಯಿಯ ಬಳಿಯಲ್ಲ. ತಂತಿ ಇಲ್ಲದ್ದೇ ಬೇಕು ಎನ್ನುವವರು ತನ್ನದೇ ಪುಟ್ಟ ಯುಎಸ್‌ಬಿ ರಿಸೀವರ್ ಜೊತೆಗೆ ಬರುವ, ಬಾಯಿಯವರೆಗೆ ಕಡ್ಡಿಯಿರುವ ಹೆಡ್‌ಸೆಟ್ಟನ್ನು ನೋಡುವುದು ಲೇಸು.

ಯುಎಸ್‌ಬಿ, 3.5 ಮಿಲಿಮೀಟರ್ ಪಿನ್, ಎಕ್ಸ್‌ಎಲ್‌ಆರ್: ಯಾವ ಜೋಡಣೆ?

ಹೆಚ್ಚಿನವರಿಗೆ ಯುಎಸ್‌ಬಿ. ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸುವ ಕೆಲಸ ಮೈಕಿನೊಳಗೇ ಆಗಿಬಿಡುವುದರಿಂದ, ಕಂಪ್ಯೂಟರಿನೊಳಗಿನ ವಿದ್ಯುತ್ ಗದ್ದಲ ಅದಕ್ಕೆ ಅಷ್ಟಾಗಿ ಸೋಂಕುವುದಿಲ್ಲ, ಕಂಪ್ಯೂಟರ್ ಬದಲಾಯಿಸಿದರೂ ಗುಣ ಬದಲಾಗುವುದಿಲ್ಲ.

3.5 ಮಿಲಿಮೀಟರ್ ಪಿನ್ ಇರುವ ಮೈಕಿನ ಗುಣವು ನಿಮ್ಮ ಕಂಪ್ಯೂಟರಿನ ಸೌಂಡ್ ಕಾರ್ಡನ್ನು ಅವಲಂಬಿಸುತ್ತದೆ. ಇಲ್ಲಿ ಪಿನ್ನಿನ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿಕೊಳ್ಳಬೇಕು: ಮೂರು ಉಂಗುರಗಳಿದ್ದರೆ ಅದು ಮೈಕ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಪಿನ್ನಿನಲ್ಲಿ ಸೇರಿಸಿದ, ಮೊಬೈಲಿಗೆಂದು ಮಾಡಿದ ಜೋಡಣೆ. ಅದನ್ನು ಮೈಕ್‌ಗೆ ಬೇರೆ, ಸ್ಪೀಕರ್‌ಗೆ ಬೇರೆ ತೂತುಗಳಿರುವ ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿದರೆ ಧ್ವನಿ ಕೇಳಿಸುತ್ತದೆಯೇ ಹೊರತು ಮೈಕ್ ಕೆಲಸ ಮಾಡುವುದಿಲ್ಲ. ನಡುವೆ ಕವಲೊಡೆಯುವ ಸಣ್ಣ ತಂತಿಯೊಂದು ಬೇಕು.

ಎಕ್ಸ್‌ಎಲ್‌ಆರ್ ಎನ್ನುವುದು ಸ್ಟುಡಿಯೋ ಮತ್ತು ವೇದಿಕೆಗಳ ಮೂರು ಕಡ್ಡಿಯ ದಪ್ಪ ಜೋಡಣೆ. ಅದನ್ನು ಕಂಪ್ಯೂಟರಿಗೆ ಜೋಡಿಸಲು ಇಂಟರ್‌ಫೇಸ್ ಎಂಬ ಪ್ರತ್ಯೇಕ ಸಾಧನ ಬೇಕು, ಕಂಡೆನ್ಸರ್ ಬಗೆಯ ಮೈಕ್ ಆದರೆ (ಅದರ ವಿವರ ಮುಂದಿನ ಉತ್ತರದಲ್ಲಿದೆ) ಅದಕ್ಕೆ ಫ್ಯಾಂಟಮ್ ಪವರ್, ಅಂದರೆ ಮೈಕಿನ ತಂತಿಯ ಮೂಲಕವೇ ಕೊಡುವ 48 ವೋಲ್ಟಿನ ವಿದ್ಯುತ್ ಕೂಡ ಬೇಕು. ಈಗಾಗಲೇ ಇದ್ದರೆ ಬಳಸಿ. ಹೇಳಿ ಬರೆಸುವುದಕ್ಕೆಂದೇ ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ.

ಕಂಡೆನ್ಸರ್ ಒಳ್ಳೆಯದೋ ಡೈನಮಿಕ್ ಒಳ್ಳೆಯದೋ?

ದೂರ ಸರಿಯಾಗಿದ್ದರೆ ಎರಡೂ ಆದೀತು. ಡೈನಮಿಕ್ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಗಟ್ಟಿಮುಟ್ಟು, ಆದರೆ ಅದರ ಸಂಕೇತ ಕ್ಷೀಣ, ಬಾಯಿಯನ್ನು ಹತ್ತಿರವೇ ಇಟ್ಟು ಮಾತನಾಡಬೇಕು, ಗೇನ್ ಹೆಚ್ಚು ಕೊಡಬೇಕು. ಕಂಡೆನ್ಸರ್‌ನಲ್ಲಿ ವಿದ್ಯುದಂಶ ತುಂಬಿದ ಎರಡು ತಟ್ಟೆಗಳಿದ್ದು, ಅವುಗಳಲ್ಲೊಂದಾದ ಪೊರೆ ಅಲುಗಿದಾಗ ಸಂಕೇತ ಹುಟ್ಟುತ್ತದೆ. ಅದು ಹೆಚ್ಚು ಸೂಕ್ಷ್ಮ, ಹಾಗಾಗಿ ಪಕ್ಕದ ಕೋಣೆಯ ಮಾತೂ ಅದರಲ್ಲಿ ಕೇಳಿಸೀತು ಎಂದು ಜನ ಅಂಜುತ್ತಾರೆ. ನಿಜವಾಗಿ ನೋಡಿದರೆ, ಒಂದೇ ದೂರದಲ್ಲಿ ಒಂದೇ ದಿಕ್ಕಿನ ಗುಣವುಳ್ಳ ಎರಡು ಮೈಕ್‌ಗಳನ್ನಿಟ್ಟು ಮಾತಿನ ಮಟ್ಟವನ್ನು ಸಮಮಾಡಿದರೆ ಕೋಣೆಯ ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಡೈನಮಿಕ್ ಮೈಕ್ ಗದ್ದಲವನ್ನು ಬಿಡುತ್ತದೆ ಎಂಬ ಹೆಸರು ಬಂದಿರುವುದು ಅದನ್ನು ಬಾಯಿಗೆ ತಾಗಿಸಿಕೊಂಡೇ ಬಳಸುವ ರೂಢಿಯಿಂದ.

ಹೆಡ್‌ಸೆಟ್, ಕಾಲರ್ ಮೈಕ್‌ಗಳಲ್ಲಿ ಇರುವುದು ಬಹುತೇಕ ಎಲೆಕ್ಟ್ರೆಟ್ ಕಂಡೆನ್ಸರ್. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಈ ಬಗೆಯಲ್ಲಿ ವಿದ್ಯುದಂಶವನ್ನು ಒಂದು ಹಾಳೆಯಲ್ಲಿ ಶಾಶ್ವತವಾಗಿ ಹಿಡಿದಿಟ್ಟಿರುವುದರಿಂದ ಅದಕ್ಕೆ ದೊಡ್ಡ ವೋಲ್ಟೇಜ್ ಬೇಕಾಗುವುದಿಲ್ಲ. ಮೈಕ್ ಇಷ್ಟು ಚಿಕ್ಕದಾಗಿ, ಅಗ್ಗವಾಗಿ ಎಲ್ಲರ ಕೈಗೆ ಬಂದದ್ದು ಅವರಿಬ್ಬರ ಕೆಲಸದ ಫಲ. ಇಂದಿನ ಮೊಬೈಲ್‌ಗಳಲ್ಲಿ ಅದರ ಜಾಗವನ್ನು ಸಿಲಿಕಾನ್ ಮೇಲೆ ಕೆತ್ತಿದ ಮೆಮ್ಸ್ ಮೈಕ್‌ಗಳು ತೆಗೆದುಕೊಂಡಿವೆ.

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಯಾವುದನ್ನು ನೋಡಬೇಕು?

ಒಂದೇ ಒಂದನ್ನು ನೋಡುವುದಾದರೆ ಸಂಕೇತ ಮತ್ತು ಗದ್ದಲದ ಅನುಪಾತವನ್ನು ನೋಡಿ. ಅದನ್ನು 94 ಡೆಸಿಬೆಲ್ ಧ್ವನಿಯನ್ನು ಆಧಾರವಾಗಿಟ್ಟು ಅಳೆಯುವುದು ರೂಢಿ. 64 ಡೆಸಿಬೆಲ್ ಎಂದಿದ್ದರೆ ಮೈಕ್ ತಾನೇ ಹುಟ್ಟಿಸುವ ಸದ್ದು 94ರಲ್ಲಿ 64 ಕಳೆದು ಉಳಿದ 30 ಡೆಸಿಬೆಲ್‌ಗೆ ಸಮ ಎಂದರ್ಥ. ಅಂಥ ಮೈಕ್ ಬಾಯಿಯ ಬಳಿ ಇದ್ದರೆ ಆ ಸದ್ದು ಲೆಕ್ಕಕ್ಕೇ ಬರುವುದಿಲ್ಲ, ಒಂದು ಮೀಟರ್ ದೂರದಲ್ಲಿದ್ದರೆ ಬರುತ್ತದೆ. ಉಳಿದ ಅಂಕಿಗಳನ್ನು ಬಿಟ್ಟರೂ ನಷ್ಟವಿಲ್ಲ.

‘ಪ’, ‘ಫ’, ‘ಭ’ ಬಂದಾಗಲೆಲ್ಲ ‘ಧಪ್’ ಎಂಬ ಸದ್ದು ಬರುತ್ತದೆ. ಏನು ಮಾಡಲಿ?

ಅಂಗೈಯನ್ನು ಬಾಯಿಯ ಮುಂದೆ ನಾಲ್ಕು ಬೆರಳು ದೂರ ಹಿಡಿದು ‘ಪಲ’, ‘ಫಲ’ ಎಂದು ಹೇಳಿ. ‘ಫಲ’ದ ಮಹಾಪ್ರಾಣವನ್ನು ಒತ್ತಿ ಹೇಳಿದಾಗ ಅಂಗೈಗೆ ಉಸಿರಿನ ಒಂದು ಏಟು ಬೀಳುತ್ತದೆ. ಈಗ ಅಂಗೈಯನ್ನು ಎಡಕ್ಕೋ ಬಲಕ್ಕೋ ನಿಧಾನವಾಗಿ ಸರಿಸುತ್ತ ಮತ್ತೆ ಹೇಳಿ. ಒಂದು ಜಾಗದಲ್ಲಿ ಆ ಏಟು ನಿಂತುಹೋಗುತ್ತದೆ, ಮಾತು ಮಾತ್ರ ಮೊದಲಿನಂತೆಯೇ ಇರುತ್ತದೆ. ನಿಮ್ಮ ಮೈಕ್ ಇರಬೇಕಾದ ಜಾಗ ಅದೇ. ಗಾಳಿ ನೇರವಾಗಿ ಹೋಗುತ್ತದೆ, ಧ್ವನಿ ಎಲ್ಲ ಕಡೆಗೆ ಹರಡುತ್ತದೆ, ಆದ್ದರಿಂದಲೇ ಮೈಕನ್ನು ತುಟಿಯ ಮೂಲೆಗೆ ಇಡುವುದು. ಸ್ಪಂಜಿನ ಟೋಪಿ ಇನ್ನಷ್ಟು ನೆರವಾಗುತ್ತದೆ, ಅದು ಕಳೆದುಹೋಗಿದ್ದರೆ ಬೇರೆಯದನ್ನು ಹಾಕಿಕೊಳ್ಳಿ. ಮಹಾಪ್ರಾಣವನ್ನೇ ಮೆತ್ತಗೆ ಮಾಡಿ ಮಾತನಾಡುವ ಅಭ್ಯಾಸ ಮಾತ್ರ ಬೇಡ, ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ವ್ಯತ್ಯಾಸವನ್ನು ತಂತ್ರಾಂಶ ಗುರುತಿಸುವುದು ಆ ಉಸಿರಿನಿಂದಲೇ.

ಗೇನ್ ಎಷ್ಟಿರಬೇಕು?

ನೀವು ಸಹಜವಾಗಿ, ಸ್ವಲ್ಪ ಉತ್ಸಾಹದಿಂದ ಮಾತನಾಡಿದಾಗ ಮಟ್ಟ ತೋರಿಸುವ ಪಟ್ಟಿಯ ಶಿಖರಗಳು ಮೈನಸ್ 12 ಡೆಸಿಬೆಲ್‌ನ ಸುತ್ತ ನಿಲ್ಲಲಿ. ಈ ಪಟ್ಟಿಯಲ್ಲಿ ಸೊನ್ನೆಯೇ ಗರಿಷ್ಠ ಮಟ್ಟ. ಅದನ್ನು ಮುಟ್ಟಿದ ಧ್ವನಿಯ ನೆತ್ತಿ ಕತ್ತರಿಸಿಹೋಗುತ್ತದೆ, ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಸ್ವಲ್ಪ ಕಡಿಮೆಯಾದರೆ ಹಾನಿ ಅಷ್ಟಿಲ್ಲ. ಸಂದೇಹ ಬಂದರೆ ಇಳಿಸುವುದೇ ಕ್ಷೇಮ.

ಗದ್ದಲ ತೆಗೆಯುವ ತಂತ್ರಾಂಶವನ್ನೂ ಜೊತೆಗೆ ಹಾಕಿಕೊಳ್ಳಲೇ?

ಮೊದಲು ಹಾಕದೆಯೇ ಪರೀಕ್ಷಿಸಿ. ಇಂದಿನ ಮಾತು ಗುರುತಿಸುವ ವ್ಯವಸ್ಥೆಗಳನ್ನು ಗದ್ದಲವಿರುವ ಅಪಾರ ಧ್ವನಿಗಳ ಮೇಲೆಯೇ ಪಳಗಿಸಿರುತ್ತಾರೆ. ವಿಸ್ಪರ್‌ನ ಮೊದಲ ಆವೃತ್ತಿಗೆ ಬಳಸಿದ್ದು 6,80,000 ಗಂಟೆಗಳ ಧ್ವನಿ. ಅವು ಸಹಜವಾದ ಸದ್ದನ್ನು ಸಾಕಷ್ಟು ತಾಳಿಕೊಳ್ಳುತ್ತವೆ, ಆದರೆ ಗದ್ದಲ ತೆಗೆದ ಮೇಲೆ ಮಾತಿನಲ್ಲಿ ಉಳಿಯುವ ಹರಕು ತುಣುಕುಗಳು ಅವಕ್ಕೆ ಅಷ್ಟು ಪರಿಚಿತವಲ್ಲ. ಮೈಕಿನಲ್ಲಿ ಒಮ್ಮೆ, ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಒಮ್ಮೆ, ಬ್ರೌಸರಿನಲ್ಲಿ ಇನ್ನೊಮ್ಮೆ ಹೀಗೆ ಮೂರು ಕಡೆ ಗದ್ದಲ ಸೋಸುವುದು ತಾನಾಗಿಯೇ ನಡೆಯುತ್ತಿರುವುದೂ ಉಂಟು. ಅದರ ಜೊತೆ ಗೇನನ್ನು ತಾನೇ ಏರಿಳಿಸುವ ಸೌಲಭ್ಯವಿದ್ದರೆ, ನೀವು ಯೋಚಿಸಲು ನಿಂತಾಗ ಅದು ಗೇನ್ ಏರಿಸುತ್ತದೆ, ಮತ್ತೆ ಮಾತು ಆರಂಭಿಸಿದಾಗ ಮೊದಲ ಪದ ಒಡೆದು ಬರುತ್ತದೆ. ವಾಕ್ಯದ ಮೊದಲ ಪದವೇ ಮತ್ತೆ ಮತ್ತೆ ತಪ್ಪಾಗುತ್ತಿದ್ದರೆ ಅನುಮಾನ ಪಡಬೇಕಾದದ್ದು ಇದರ ಮೇಲೆ.

ಕೋಣೆ ನಿಶ್ಶಬ್ದವಾಗಿದೆ. ಆದರೂ ಮುದ್ರಿಸಿದ ಮಾತು ಬಾವಿಯೊಳಗಿಂದ ಬಂದಂತಿದೆ.

ಅದು ಮಾರ್ದನಿ. ಬರಿಯ ಗೋಡೆ, ಗಾಜಿನ ಕಿಟಕಿ, ನುಣುಪಾದ ನೆಲ ಮಾತನ್ನು ಹಿಂದಿರುಗಿಸುತ್ತವೆ, ಹ್ರಸ್ವಸ್ವರದ ಬಾಲ ಬೆಳೆದು ದೀರ್ಘದಂತೆ ಕೇಳಿಸುತ್ತದೆ. ಪರದೆ, ಚಾಪೆ, ಪುಸ್ತಕ ತುಂಬಿದ ಕಪಾಟು ಇವೆಲ್ಲ ಅದನ್ನು ಹೀರಿಕೊಳ್ಳುತ್ತವೆ. ಅಷ್ಟಕ್ಕೂ ಮೊದಲ ಮದ್ದು ಮೈಕನ್ನು ಹತ್ತಿರ ತರುವುದೇ.

ಇಬ್ಬರ ಸಂಭಾಷಣೆಯನ್ನು ಬರಹವಾಗಿಸಬೇಕು. ಮೇಜಿನ ನಡುವೆ ಒಂದು ಮೈಕ್ ಸಾಕೇ?

ಸಾಲದು. ಒಬ್ಬ ಹಿರಿಯರೊಡನೆ ನಡೆಸಿದ ಎರಡು ಗಂಟೆಗಳ ಮಾತುಕತೆಯನ್ನು ನಾನು ಹೀಗೆಯೇ ಒಂದು ಮೈಕಿನಲ್ಲಿ ಹಿಡಿದಿದ್ದೆ. ಹತ್ತಿರವಿದ್ದ ನನ್ನ ಪ್ರಶ್ನೆಗಳೆಲ್ಲ ಚೊಕ್ಕವಾಗಿ ಬಂದವು, ಮುಖ್ಯವಾಗಿದ್ದ ಅವರ ಮೆಲುದನಿಯ ಉತ್ತರಗಳು ಅರ್ಧಕ್ಕರ್ಧ ಹೋದವು. ಅವರು ಈಗಿಲ್ಲ, ಆ ಮಾತುಗಳನ್ನು ಮತ್ತೆ ಕೇಳುವಂತಿಲ್ಲ. ಅಂದಿನಿಂದ ಒಬ್ಬೊಬ್ಬರಿಗೆ ಒಂದೊಂದು ಕಾಲರ್ ಮೈಕ್ ಸಿಕ್ಕಿಸದೆ ನಾನು ಯಾವ ಮುದ್ರಣವನ್ನೂ ಆರಂಭಿಸಿಲ್ಲ. ಎರಡನ್ನೂ ಬೇರೆ ಬೇರೆ ಚಾನೆಲ್‌ಗಳಲ್ಲಿ ಮುದ್ರಿಸಿಕೊಂಡರೆ ಯಾರ ಮಾತು ಯಾವುದೆಂಬ ಗೊಂದಲವೂ ಇರುವುದಿಲ್ಲ. ಒಂದೇ ಮೈಕ್ ಇದ್ದರೆ ಅದು ಉತ್ತರ ಹೇಳುವವರ ಅಂಗಿಯ ಮೇಲಿರಲಿ.

ಕಡತವನ್ನು ಧ್ವನಿಯ ಗುಣ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಇಡಿ. 16,000 ಮಾದರಿ, 16 ಬಿಟ್, ಒಂದು ಚಾನೆಲ್ ಆದರೆ ಒಂದು ಗಂಟೆಯ ವೇವ್ ಕಡತಕ್ಕೆ ಸುಮಾರು 115 ಮೆಗಾಬೈಟ್ ಆಗುತ್ತದೆ, ಅದೇನೂ ದೊಡ್ಡ ಗಾತ್ರವಲ್ಲ.

ನಾನು ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುತ್ತೇನೆ. ಅದರ ದನಿಯೂ ಬರಹವಾಗಿಬಿಡುತ್ತದೆ.

ಸ್ಪೀಕರನ್ನು ಬಿಟ್ಟು ಕಿವಿಗೆ ಹಾಕುವ ಹೆಡ್‌ಸೆಟ್ಟನ್ನೇ ಬಳಸಬೇಕು, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದಾದರೆ ಉತ್ತಮ. ಮೈಕನ್ನು ಆನ್ ಮತ್ತು ಆಫ್ ಮಾಡಲು ತಂತಿಯ ಮೇಲೆಯೇ ಮುಟ್ಟಿ ತಿಳಿಯಬಹುದಾದ ಜಾರುವ ಸ್ವಿಚ್ ಇರಲಿ. ಒತ್ತಿದಾಗ ಯಾವ ಸ್ಥಿತಿಯಲ್ಲಿದೆ ಎಂದು ದೀಪದಿಂದ ಮಾತ್ರ ತಿಳಿಸುವ ಗುಂಡಿ ಕಣ್ಣು ಕಾಣದವರಿಗೆ ಉಪಯೋಗವಿಲ್ಲ. ಕೈನೋವಿನಿಂದಾಗಿ ಹೇಳಿ ಬರೆಸುವವರಿಗೂ ಒಂದು ಮಾತು: ಹತ್ತಿರದ ಮೈಕ್ ಇದ್ದರೆ ಮೆಲ್ಲನೆ ಮಾತನಾಡಿದರೂ ಸಾಕಾಗುತ್ತದೆ. ಕೈಯ ನೋವನ್ನು ತಪ್ಪಿಸಲು ಹೋಗಿ ಗಂಟಲನ್ನು ದಣಿಸಿಕೊಳ್ಳಬಾರದು.

ಎರಡು ಮೈಕ್‌ಗಳಲ್ಲಿ ಯಾವುದು ಮೇಲೆಂದು ತಿಳಿಯುವುದು ಹೇಗೆ?

ಇನ್ನೂರು ಪದಗಳ ಒಂದು ಬರಹವನ್ನು ಆರಿಸಿಕೊಳ್ಳಿ. ಒತ್ತಕ್ಷರ, ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’, ‘ಶ’ ಮತ್ತು ‘ಸ’ ಅದರಲ್ಲಿ ಧಾರಾಳವಾಗಿರಲಿ. ಒಂದೊಂದು ಮೈಕಿನಲ್ಲೂ ಅದನ್ನು ಎರಡೆರಡು ಸಲ ಓದಿ. ತಪ್ಪಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿಸಿ ಒಟ್ಟು ಪದಗಳಿಂದ ಭಾಗಿಸಿದರೆ ಬರುವುದು ಪದದೋಷದ ಪ್ರಮಾಣ. ಕನ್ನಡದಲ್ಲಿ ವಿಭಕ್ತಿಯೂ ಕಾಲವೂ ಪದಕ್ಕೇ ಅಂಟಿಕೊಂಡಿರುವುದರಿಂದ, ‘ಬರುತ್ತಿದ್ದರೆಂದು’ ಎಂಬ ಉದ್ದದ ಪದದಲ್ಲಿ ಒಂದು ಅಕ್ಷರ ತಪ್ಪಿದರೂ ಇಡೀ ಪದ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಅಕ್ಷರದೋಷವನ್ನೂ ಎಣಿಸಿಕೊಂಡರೆ ಹೋಲಿಕೆ ಹೆಚ್ಚು ನ್ಯಾಯವಾಗಿರುತ್ತದೆ. ಎರಡು ಮೈಕ್‌ಗಳ ನಡುವೆ ನಾಲ್ಕೈದು ತಪ್ಪುಗಳ ವ್ಯತ್ಯಾಸವಷ್ಟೇ ಇದ್ದರೆ ಧರಿಸಲು ಹಗುರವಾದದ್ದನ್ನು ಇಟ್ಟುಕೊಳ್ಳಿ.

ಹೊಸ ಮೈಕ್ ಹಾಕಿದರೂ ತಪ್ಪುಗಳು ಹಾಗೆಯೇ ಇವೆ. ಈಗೇನು?

ತಂತ್ರಾಂಶವು ನಿಜವಾಗಿ ಆ ಮೈಕನ್ನೇ ಕೇಳುತ್ತಿದೆಯೇ ಎಂದು ನೋಡಿ. ಹೆಡ್‌ಸೆಟ್ ಸಿಕ್ಕಿಸಿದ ಮೇಲೆಯೂ ಕಂಪ್ಯೂಟರ್ ಲ್ಯಾಪ್‌ಟಾಪಿನ ಮೈಕನ್ನೇ ಹಿಡಿದುಕೊಂಡಿರುವುದು ನಾನು ಕಂಡ ಅತಿ ಸಾಮಾನ್ಯ ಕಾರಣ. ಧ್ವನಿ ಸೆಟ್ಟಿಂಗ್‌ನಲ್ಲಿ ಮಟ್ಟದ ಪಟ್ಟಿಯನ್ನು ತೆರೆದಿಟ್ಟುಕೊಂಡು, ಹೆಡ್‌ಸೆಟ್ಟಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಲ್ಯಾಪ್‌ಟಾಪಿನ ಮೈಕ್ ತೂತಿನ ಬಳಿ ಹಾಗೆಯೇ ಮಾಡಿರಿ. ಪಟ್ಟಿ ಯಾವುದಕ್ಕೆ ಜಿಗಿಯುತ್ತದೆಯೋ ತಂತ್ರಾಂಶಕ್ಕೆ ಕೇಳುತ್ತಿರುವುದು ಅದು. ಬ್ರೌಸರಿನಲ್ಲಿ ಬರೆಸುವವರು ಬ್ರೌಸರಿನ ಅನುಮತಿಗಳಲ್ಲಿ ಯಾವ ಮೈಕ್ ಆಯ್ಕೆಯಾಗಿದೆ ಎಂಬುದನ್ನೂ ಬೇರೆಯಾಗಿ ನೋಡಬೇಕು, ಏಕೆಂದರೆ ಅದು ಕಂಪ್ಯೂಟರಿನ ಆಯ್ಕೆಗಿಂತ ಬೇರೆಯಾಗಿರಬಹುದು.